ಹೆಸರು ಒರೆಸಿದ ಹಡಗು

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗದ ಹಾಸಿನ, ಅಂದರೆ ಉದ್ದ ನೂಲಿನ, ಎಳೆ ಕೂಡಿಸುವುದರಲ್ಲಿ ಶಿವಗಂಗವ್ವನನ್ನು ಮೀರಿಸುವವರಿಲ್ಲ. ಸೀರೆ ನೇಯ್ದು ಮುಗಿದ ಮಗ್ಗಕ್ಕೆ ಕೂತಳೆಂದರೆ, ಹಳೆಯ ಎಳೆಗೆ ಹೊಸ ಎಳೆ ಹೊಸೆದು, ಸಾವಿರಾರು ಎಳೆ ಮುಗಿಸಿಯೇ ಏಳುವವಳು. ಆಕೆಯ ಗಂಡ ಈಶ್ವರ ತೈಲದ ಹಡಗಿನಲ್ಲಿ ಅಡುಗೆಯವನು. ಕರಾರು ಮುಗಿದು ಎಂಟು ತಿಂಗಳಾದರೂ ಅವನಿನ್ನೂ ನೆಲ ಮುಟ್ಟಿರಲಿಲ್ಲ.

ಎಲ್ಲೋ ಒಂದು ದೇಶ ಪಕ್ಕದ ದೇಶದ ಮೇಲೆ ಯುದ್ಧಕ್ಕೆ ಹೋಯಿತು. ಉಳಿದ ದೇಶಗಳು ಬಂದೂಕು ಎತ್ತಲಿಲ್ಲ, ಅದರ ವ್ಯಾಪಾರಕ್ಕೆ ನಿರ್ಬಂಧ ಹಾಕಿದವು. ಅದರ ತೈಲ ಹೊತ್ತ ಹಡಗುಗಳ ಪಟ್ಟಿಯಲ್ಲಿ ಈಶ್ವರನ ಹಡಗೂ ಸೇರಿತು. ಯಾವ ಬಂದರಿನವರೂ ಅದನ್ನು ಒಳಗೆ ಬಿಡಲಿಲ್ಲ. ಯುದ್ಧ ಹೂಡಿದವರು ಹೊಟ್ಟೆ ತುಂಬ ಉಂಡು ಮಲಗುತ್ತಾರೆ, ಸಿಕ್ಕಿಬಿದ್ದವನು ನಮ್ಮೂರ ಅಡುಗೆಯವನು! ನೆನೆದರೆ ಮೈ ಉರಿಯುತ್ತದೆ.

ಕೊನೆಯ ಸಲ ಫೋನ್ ಮಾಡಿದಾಗ ಅವನು ಹೆಂಡತಿಗೆ ಹೇಳಿದ್ದು ಇಷ್ಟೇ: "ಪಟ್ಟ್ಯಾಗ ಸಿಗಬಾರದಂತ ಮಾಲಕರು ಹಡಗದ ಹೆಸರ ಮ್ಯಾಲೆ ಬಣ್ಣ ಬಳದು ಬ್ಯಾರೆ ಹೆಸರ ಬರಸ್ಯಾರ." ಆ ಹೊಸ ಹೆಸರನ್ನೂ ತಿಳಿಸಿದ. ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ.

"ಅವರು ಜೀವಂತ ಅದಾರೋ ಇಲ್ಲೋ, ಅಷ್ಟರ ನೋಡಿ ಹೇಳ್ರಿ ಮಾಸ್ತರ್ರ," ಎಂದು ಪಕ್ಕದ ಮನೆಯವನಾದ ನನ್ನನ್ನು ಕೇಳಿದಳು. ಹಡಗುಗಳು ಎಲ್ಲಿವೆಯೆಂದು ತೋರಿಸುವ ಮೊಬೈಲಿನ ನಕಾಶೆಯಲ್ಲಿ ಆ ಹೊಸ ಹೆಸರು ಹುಡುಕಿದೆ. ಅದರ ಚುಕ್ಕೆ ಸಮುದ್ರದಲ್ಲಿರಲಿಲ್ಲ. ಮರಳುಗಾಡಿನ ನಟ್ಟನಡುವೆ ನಿಂತಿತ್ತು. ಕದ್ದು ಓಡಾಡುವ ಹಡಗುಗಳು ಹೀಗೆ ಸುಳ್ಳು ಜಾಗ ತೋರಿಸುತ್ತವೆಂದು ಆಗ ನನಗೆ ಗೊತ್ತಿರಲಿಲ್ಲ. ಆಕೆಗೆ ತೋರಿಸಲು ನನಗೆ ಧೈರ್ಯ ಸಾಲಲಿಲ್ಲ.

ನಾವಿಕರ ಸಹಾಯವಾಣಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಆಕೆಯ ಕೈಗೆ ಕೊಟ್ಟೆ. ಅತ್ತಲಿಂದ ಗಂಡನ ಹೆಸರು ಕೇಳಿದರು. ನಮ್ಮ ಕಡೆ ಆಕೆಯ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ತಡವರಿಸಿ, ಹಡಗಿನ ಹೊಸ ಹೆಸರನ್ನು ಹೇಳಿಬಿಟ್ಟಳು.

"ಆ ಹೆಸರಿನ ಹಡಗನ್ನ ಒಡೆದು ಗುಜರಿಗೆ ಹಾಕಿ ನಾಲ್ಕು ವರ್ಷ ಆಯ್ತಮ್ಮ. ಅದರಲ್ಲಿ ಯಾರೂ ಇರೋಕೆ ಸಾಧ್ಯ ಇಲ್ಲ," ಎಂದು ಫೋನ್ ಇಟ್ಟರು.

"ಗಂಡನ ಹೆಸರ ಹೇಳಾಕ ಏನಾಗಿತ್ರಿ ನಿಮಗ?" ಎಂದು ರೇಗಿದೆ. ಆಕೆಯ ಮುಖ ನೋಡಿ ನನಗೇ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ನಾನು ಆಕೆಯ ಮನೆಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಆಕೆಗೆ ಫೋನ್ ಬಂತು; ಸ್ಪೀಕರ್ ಹಾಕಿದಳು. ಬರೀ ನೀರಿನ ಸದ್ದು, ಯಾರದೋ ಉಸಿರು. ಶಿವಗಂಗವ್ವ ಮಗ್ಗ ಬಿಟ್ಟು ಎದ್ದು ನಿಂತು, ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಈಶ್ವರ! ಈಶ್ವರ! ನೀವೇನ್ರಿ?"

"ಮೆಲ್ಲಕ, ಗಂಗಾ," ಎಂದಿತು ಗಂಡನ ದನಿ. "ಆ ಹೆಸರ ಹಿಡದು ಕರೀಬ್ಯಾಡ. ಹಡಗಕ್ಕ ಕೊಟ್ಟಾಂಗ ನಮಗೂ ಬ್ಯಾರೆ ಹೆಸರ ಕೊಟ್ಟಾರ. ಸತ್ತವರದು."