ಸೊಸೆಗೆ ಒಂದು ಅಡುಗೆ ಪುಸ್ತಕ

ಪುಸ್ತಕ ತೆರೆದ ಕೂಡಲೇ ಬಂದದ್ದು ಹೊಗೆಸೊಪ್ಪಿನ ವಾಸನೆ. ಕಡ್ಡಿಗಳಲ್ಲಿ ತೂಗಿ, ಬ್ಯಾರನ್ ಎಂಬ ಬಿಸಿ ಗೂಡಿನಲ್ಲಿ ಬೆಂದು ಹಳದಿಗೆ ತಿರುಗಿದ ಸೊಪ್ಪಿನ, ಅರ್ಧ ಸಿಹಿ ಅರ್ಧ ಕಮಟು ವಾಸನೆ. ಇಷ್ಟು ವರ್ಷ ಟ್ರಂಕಿನ ತಳದಲ್ಲಿದ್ದರೂ ಹೋಗಿಲ್ಲ. ತಮ್ಮನ ಮಗಳು ಹುಟ್ಟುಹಬ್ಬಕ್ಕೆ ಅಡುಗೆ ಪುಸ್ತಕ ಬೇಕೆಂದು ಕೇಳಿದ್ದಳು. ನನ್ನದನ್ನೇ ಕೊಟ್ಟರಾಯಿತು ಎಂದು ಹೊರತೆಗೆದಿದ್ದೆ. ಮೊದಲ ಪುಟದಲ್ಲಿ ನೀಲಿ ಶಾಯಿಯ ದುಂಡು ಅಕ್ಷರ ಹಾಗೇ ಇತ್ತು: 'ಪ್ರೀತಿಯ ಸೊಸೆಗೆ, ಅತ್ತೆಯಿಂದ.' ಕೊಡಲು ಮನಸ್ಸಾಗಲಿಲ್ಲ. ಅತ್ತೆ ಹೋಗಿ ಇನ್ನೂ ವರ್ಷ ತುಂಬಿಲ್ಲ...

ಅತ್ತೆ ಅಂದರೆ ಅಪ್ಪನ ಅಕ್ಕ. ನಮ್ಮದು ಕೆ.ಆರ್. ನಗರದ ಹತ್ತಿರ, ನಾಲೆ ನೀರಿನ ಗದ್ದೆಯ ಊರು. ಅವಳನ್ನು ಕೊಟ್ಟದ್ದು ಪಿರಿಯಾಪಟ್ಟಣದ ಕಡೆಗೆ, ರಾಗಿ ಮತ್ತು ಹೊಗೆಸೊಪ್ಪಿನ ಹೊಲಗಳಿಗೆ. ಅವಳಿಗೆ ಒಬ್ಬನೇ ಮಗ, ಆಗ ಹುಣಸೂರಿನಲ್ಲಿ ಕಾಲೇಜು ಓದುತ್ತಿದ್ದ. ನಾನು ಐದನೇ ಕ್ಲಾಸು.

ಆ ವರ್ಷ ಬೇಸಿಗೆ ರಜೆಯಲ್ಲಿ ಅತ್ತೆ ನಮ್ಮ ಮನೆಗೆ ಬಂದಳು. ಬ್ಯಾಗಿನಿಂದ ಅವರೆಕಾಳು ತೆಗೆದಳು, ಒಣಮೆಣಸಿನಕಾಯಿ ತೆಗೆದಳು, ಕೊನೆಗೆ ಪೇಪರಿನಲ್ಲಿ ಸುತ್ತಿದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಕೈಗಿಟ್ಟಳು. ಸೊಪ್ಪಿನ ಕೋಣೆಯಲ್ಲೇ ತಿಂಗಳುಗಟ್ಟಲೆ ಜೋಪಾನ ಮಾಡಿದ್ದಳಂತೆ.

"ನೀನ್ ಕೇಳಿದ್ಯಲ್ಲ ಕಣಮ್ಮಿ, ತಗೋ."

ಕಾಫಿ ಸೋಸುತ್ತಿದ್ದ ಅವ್ವ ತಿರುಗಿ ನೋಡಿದಳು. ಅತ್ತೆಯ ಬಸ್ಸು ಹೊರಟ ಮೇಲೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ಓದತೊಡಗಿದಳು. ಮೊದಲ ಪುಟದಲ್ಲೇ ಬೆರಳು ನಿಂತಿತು. ಆಮೇಲೆ ಪುಟ ಮಗುಚುತ್ತ ಹೋಗಿ ಕೊನೆಯ ಭಾಗದಲ್ಲಿ ಮತ್ತೆ ನಿಂತಿತು. ಅಲ್ಲಿ ಬಸುರಿಯರ ಊಟ, ಬಾಣಂತಿ ಖಾರ, ಹಾಲು ಹೆಚ್ಚಿಸುವ ಸಾರು ಎಲ್ಲ ಇದ್ದವು.

"ಐದನೇ ಕ್ಲಾಸ್ ಮಗೀಗೆ ಬಾಣಂತಿ ಖಾರ ಯಾಕ್ರೀ?" ಎಂದಳು ಅಪ್ಪನಿಗೆ.

"ನಮ್ಮಕ್ಕಂಗೆ ಓದಕ್ಕೆ ಬರಲ್ಲ ಕಣೇ. ಅಂಗಡಿಯವ್ನು ಏನ್ ಕೊಟ್ನೋ ಅದ ತಂದವ್ಳೆ, ಬುಡು."

"ನನ್ ಮಗಳು ಸೊಸೆ ಅಂತ ಅಂಗಡಿಯವನ್ಗೆ ಕನಸು ಬಿದ್ದಿತ್ತಾ?"

"ತಮ್ಮನ ಮಗಳ್ನ ಸೊಸೆ ಅನ್ದೆ ಇನ್ನೇನಂತಾರೆ?"

"ಅದ್ನೇ ನಾನೂ ಹೇಳ್ತಿರೋದು!"

ನಮ್ಮ ಮಾತಿನಲ್ಲಿ ತಮ್ಮನ ಮಗಳೂ ಸೊಸೆಯೇ, ಮಗನ ಹೆಂಡತಿಯೂ ಸೊಸೆಯೇ. ಮೊದಲನೆಯದು ಎರಡನೆಯದಾಗಲು ನಮ್ಮ ಜನದಲ್ಲಿ ಎಷ್ಟು ಹೊತ್ತು? ಅವ್ವನ ತಂಗಿಗೂ ಅವರ ಸೋದರತ್ತೆ ಹೀಗೆಯೇ ಲಂಗ, ಬಳೆ ತಂದುಕೊಡುತ್ತ ಕೊಡುತ್ತ, ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಮಗನಿಗೆಂದು ಕರೆದುಕೊಂಡು ಹೋಗಿದ್ದರು. ಅವ್ವ ಅದನ್ನು ಮರೆತಿರಲಿಲ್ಲ. "ಬ್ಯಾರನ್ ಮುಂದೆ ಬೇಯ್ಲಿ ಅಂತ ನಾನ್ ಇವಳ್ನ ಹೆತ್ತಿಲ್ಲ. ಇವಳು ಓದ್ಬೇಕು" ಎಂದು ಪುಸ್ತಕವನ್ನು ಅಟ್ಟಕ್ಕೆ ಎಸೆದಳು. ಆಮೇಲೊಂದು ದಿನ ನಾನು ಅದನ್ನು ಕದ್ದು ಇಳಿಸಿ ನನ್ನ ಟ್ರಂಕಿಗೆ ಸೇರಿಸಿಕೊಂಡೆ.

ನಾನು ಕೇಳಿದ್ದು ನಿಜ. ಹಿಂದಿನ ದಸರಾ ರಜೆಗೆ ಅತ್ತೆಯ ಮನೆಗೆ ಹೋಗಿದ್ದೆ. ಅವಳು ಹುಚ್ಚೆಳ್ಳು ಹುರಿದು, ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿ ಒರಳಿನಲ್ಲಿ ಕುಟ್ಟಿದ ಚಟ್ನಿಪುಡಿಯನ್ನು ಬಿಸಿ ಮುದ್ದೆಯ ಜೊತೆ ತಿಂದು, ಶಾಲೆಯಲ್ಲಿ ಟೀಚರನ್ನು ಕೇಳುವ ಹಾಗೆ ಕೇಳಿದ್ದೆ, "ಉಪ್ಪು ಎಷ್ಟು ಅತ್ತೆ? ಬರ್ಕೊಡು." ಅತ್ತೆ ಒನಕೆ ನಿಲ್ಲಿಸಿ ನಕ್ಕಿದ್ದಳು. "ಬರ್ಯಕ್ ಬಂದಿದ್ರೆ ನಾನ್ಯಾಕಮ್ಮಿ ಕಡ್ಡಿಗೆ ಸೊಪ್ಪು ಕಟ್ತಾ ಕೂತಿರ್ತಿದ್ದೆ? ಇರು, ಬರ್ದಿರೋದ್ನೇ ತಂದ್ಕೊಡ್ತೀನಿ."

ಇದನ್ನು ಅವ್ವನಿಗೆ ಹೇಳಿದೆ. ಅವ್ವ ನನ್ನನ್ನು ಕನಿಕರದಿಂದ ನೋಡಿದಳು. "ನೀನೇ ಕೇಳಂಗೆ ಮಾಡವ್ರೆ, ನೋಡ್ದಾ?"

ಅಲ್ಲಿಂದ ನನಗೂ ಅನುಮಾನ ಅಂಟಿಕೊಂಡಿತು. ಅತ್ತೆ ಜಡೆ ಹಾಕುವಾಗ ಕೂದಲನ್ನು ಗೇಣಿನಲ್ಲಿ ಅಳೆಯುತ್ತಿದ್ದದ್ದು ಯಾಕೆ? "ಖಾರ ತಡೀತೀಯಾ?" ಎಂದು ಕೇಳಿದ್ದು ಯಾಕೆ? ಒಮ್ಮೆ ಅತ್ತೆಯ ಮಗ ಅವರೆಕಾಯಿ ಚೀಲ ಹೊತ್ತು ಬಂದಾಗ ಬಾಗಿಲ ಹಿಂದೆ ಅವಿತುಕೊಂಡು ಸಂದಿಯಿಂದ ಕಾದು ನೋಡಿದೆ. ಅವನು ನಾನೆಲ್ಲಿ ಎಂದು ಕೇಳಲೇ ಇಲ್ಲ. ಒಂದು ಚೆಂಬು ನೀರು ಕುಡಿದು, ಕ್ರಿಕೆಟ್ ಸ್ಕೋರ್ ಎಷ್ಟೆಂದು ಅಪ್ಪನನ್ನು ಕೇಳಿ ಹೊರಟುಹೋದ. "ಕಳ್ಳ, ಗೊತ್ತಿಲ್ದಂಗೆ ಇದ್ದ ನೋಡು" ಎಂದಳು ಅವ್ವ.

ಮುಂದಿನ ರಜೆಗಳಿಗೆ ನನ್ನನ್ನು ಕಳಿಸಲಿಲ್ಲ. ಜ್ವರ ಅಂದರು, ಟ್ಯೂಷನ್ ಅಂದರು. ಅತ್ತೆ ಬಂದಾಗ ಅವ್ವ ಕಾಫಿ ಕೊಟ್ಟು ನನ್ನನ್ನು ಹಿತ್ತಲಿಗೆ ಕಳಿಸುತ್ತಿದ್ದಳು. ಯಾರೂ ಜಗಳವಾಡಲಿಲ್ಲ. ಅತ್ತೆ ಬರುವುದು ಮಾತ್ರ ಕಡಿಮೆಯಾಯಿತು...

ನಾನು ಕಾಲೇಜು ಸೇರಿದ ವರ್ಷ ಅತ್ತೆ ಮಗನ ಮದುವೆಗೆ ಕರೆಯಲು ಬಂದಳು. ಹುಡುಗಿ ಸರಗೂರಿನ ಕಡೆಯವಳು. ಅವ್ವ ಲಗ್ನಪತ್ರಿಕೆಯನ್ನು ಎರಡು ಸಲ ಓದಿದಳು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. "ನಮ್ಮತ್ರ ನಡೆಯಲ್ಲ ಅಂತ ಗೊತ್ತಾಯ್ತು, ಅದಕ್ಕೆ ಅತ್ಲಾಗೆ ನೋಡವ್ರೆ" ಎಂದು ಒಳಗೆ ನನಗೆ ಪಿಸುಗುಟ್ಟಿದಳು.

ಹೊರಡುವಾಗ ಅತ್ತೆ ಜಗಲಿಯಲ್ಲಿ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು. "ಆ ಬುಕ್ ನೋಡ್ಕೊಂಡು ಹುಚ್ಚೆಳ್ ಪುಡಿ ಮಾಡಿದ್ಯಾ?"

"ಅದ್ರಲ್ಲಿ ಹುಚ್ಚೆಳ್ ಪುಡಿ ಇಲ್ಲ ಅತ್ತೆ."

"ಇಲ್ವಾ?" ಅವಳ ಮುಖ ಸಣ್ಣದಾಯಿತು. "ಅಷ್ಟು ದಪ್ಪದ ಬುಕ್ಕಲ್ಲಿ ಇಲ್ವಾ? ಎಲ್ಲಾ ಅದೆ ಅಂದ್ನಲ್ಲ ಅಂಗಡಿಯವ್ನು... ಮೋಸ ಮಾಡವ್ನೆ ಕಣಮ್ಮಿ."

ನನ್ನ ಅನುಮಾನ ಅಲ್ಲಿಗೆ ಅರ್ಧ ಹೋಯಿತು. ಇನ್ನರ್ಧ ಆ ನೀಲಿ ಅಕ್ಷರದಲ್ಲಿ, ಆ ಬಾಣಂತಿ ಖಾರದಲ್ಲಿ ಉಳಿದೇ ಇತ್ತು. ಕೇಳಿದರೆ ಏನೆಂದುಕೊಳ್ಳುತ್ತಾಳೋ ಎಂದು ಅವಳು ಇರುವವರೆಗೂ ಕೇಳಲಿಲ್ಲ.

ಮೊನ್ನೆ ಹುಣಸೂರಿನ ಪುಸ್ತಕದಂಗಡಿಗೆ ಹೋದೆ. ಅತ್ತೆ ಹೋಗಿದ್ದ ಅಂಗಡಿ ಅದೇ ಇರಬಹುದು, ಇಲ್ಲದಿರಬಹುದು.

"ಅಡುಗೆ ಪುಸ್ತಕ ಯಾರಿಗೆ ಮೇಡಂ?" ಎಂದ ಅಂಗಡಿಯವನು.

"ನಮ್ಮ ಸೊಸೆಗೆ" ಎಂದೆ. ಯೋಚಿಸಿ ಅಂದದ್ದಲ್ಲ, ತಾನಾಗಿ ಬಂದ ಮಾತು.

ಅವನು ಸ್ಟೂಲು ಹತ್ತಿ ಮೇಲಿನ ಸಾಲಿನಿಂದ ದಪ್ಪ ಪುಸ್ತಕ ಇಳಿಸಿದ. "ಹೊಸದಾಗಿ ಮದುವೆಯಾದೋರು ಇದನ್ನೇ ತಗೊಳ್ಳೋದು. ಬಾಣಂತನದ ಅಡುಗೆವರ್ಗೂ ಎಲ್ಲಾ ಅದೆ. ಮೊದಲನೇ ಪುಟದಲ್ಲಿ ಬರ್ದುಕೊಡ್ಲಾ, ಅತ್ತೆಯಿಂದ ಅಂತ?" ಎಂದು ಜೇಬಿನಿಂದ ಪೆನ್ನು ತೆಗೆದ.

ನಾನು ಆ ಪೆನ್ನನ್ನೇ ನೋಡಿದೆ...

"ಅವಳಿಗೆ ಒಂಬತ್ತು ವರ್ಷ" ಎಂದೆ.

"ಸೊಸೆ ಅಂದ್ರಲ್ಲ ಮೇಡಂ!" ಎಂದು ಅವನು ನಕ್ಕ. ಮಕ್ಕಳಿಗೆಂದೇ ಮಾಡಿದ, ಚಿತ್ರಗಳಿರುವ ತೆಳ್ಳಗಿನದೊಂದನ್ನು ಕೊಟ್ಟ. ಹುಡುಕಿದೆ, ಹುಚ್ಚೆಳ್ಳು ಪುಡಿ ಅದರಲ್ಲೂ ಇರಲಿಲ್ಲ. ಮೊದಲ ಪುಟವನ್ನು ಖಾಲಿ ಬಿಡಿಸಿಕೊಂಡು ಬಂದೆ. ನನಗೂ ಒಬ್ಬ ಮಗನಿದ್ದಾನೆ.

ತಮ್ಮನ ಮನೆಯಲ್ಲಿ ಪುಸ್ತಕವನ್ನು ಮೊದಲು ಕೈಗೆ ತೆಗೆದುಕೊಂಡವಳು ಅವ್ವ. ಕನ್ನಡಕ ಸರಿಮಾಡಿಕೊಂಡು ಮೊದಲ ಪುಟ ತೆರೆದು ನೋಡಿದಳು. ಅಂಗಡಿಯಲ್ಲಿ ಆದದ್ದನ್ನು ಹೇಳಿದೆ. "ಇರ್ಬೋದು" ಎಂದಳು ಅವ್ವ. "ಆದ್ರೂ..." ಎಂದಳು. ಆ ಮಾತಿಗೆ ಯಾವಾಗಲೂ ಮುಂದೆ ಏನಾದರೂ ಇರುತ್ತಿತ್ತು. ಅವತ್ತು ಇರಲಿಲ್ಲ.

ಅಷ್ಟರಲ್ಲಿ ಮಗು ಓಡಿಬಂದು ಪುಸ್ತಕ ಕಸಿದುಕೊಂಡಿತು. "ಏನೂ ಬರ್ದೇ ಇಲ್ವಲ್ಲ! ಬರ್ಕೊಡು ಅತ್ತೆ" ಎಂದು ಪೆನ್ನು ಚಾಚಿತು.

ಅವ್ವ ಕಣ್ಣು ಕಿರಿದು ಮಾಡಿ ನನ್ನ ಕೈಯನ್ನೇ ನೋಡುತ್ತಿದ್ದಳು. 'ಪ್ರೀತಿಯ ಸೊಸೆಗೆ, ಅತ್ತೆಯಿಂದ' ಎಂದು ಬರೆದೆ. ಕೆಳಗೆ ಜಾಗವಿತ್ತು. ಹುಚ್ಚೆಳ್ಳು ಒಂದು ಬಟ್ಟಲು ಎಂದು ಬರೆದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಎಲ್ಲ ನೆನಪಿನಿಂದಲೇ ಬರೆಯುತ್ತ ಹೋದೆ. ಉಪ್ಪಿಗೆ ಬಂದು ಪೆನ್ನು ನಿಂತಿತು.

"ಯಾಕ್ ನಿಲ್ಲಿಸ್ದೆ?" ಎಂದಳು ಅವ್ವ.

"ಅತ್ತೇನ ಕೇಳ್ಬೇಕಿತ್ತು" ಎಂದೆ.