ಕಾಲವ್ವನ ಗುಡ್ಡ

ಲಲಿತಾಬಾಯಿ ಹುಟ್ಟಿ ಬೆಳೆದದ್ದು ಶಹಾಬಾದದ ಮಗ್ಗುಲಿನ ಭಂಕೂರದಲ್ಲಿ. ಅಲ್ಲಿ ನೆಲ ಅಗೆದರೆ ಫರಸಿ ಕಲ್ಲು, ಮನೆಗೆ ಫರಸಿ, ಅಂಗಳಕ್ಕೆ ಫರಸಿ. ಊರಿಗೆ ಊರೇ ರೊಟ್ಟಿ ತಟ್ಟಿಟ್ಟ ಹಾಗೆ ಸಪಾಟು. ಹುಡುಗಿಯಾಗಿದ್ದಾಗ ಆಕೆ ಹತ್ತಿದ ಎತ್ತರವೆಂದರೆ ಗಣಿಯ ದಂಡೆಯ ಕಲ್ಲಿನ ರಾಶಿ. ಅಲ್ಲಿಂದಲೂ ಅಪ್ಪ ಕಿವಿ ಹಿಂಡಿ ಇಳಿಸಿದ್ದ. ಮುಂದೆ ಕಂದಾಯ ಇಲಾಖೆಯ ನೌಕರಿ ಸಿಕ್ಕಿತು. ಚಿತ್ತಾಪುರ, ಚಿಂಚೋಳಿ, ಕೊನೆಗೆ ಸೇಡಂ. ವರ್ಗವಾದಾಗಲೆಲ್ಲ ಕುರ್ಚಿ ಬದಲಾಯಿತೇ ಹೊರತು ಕೂರುವುದು ತಪ್ಪಲಿಲ್ಲ. ಅರ್ಧ ಆಯುಷ್ಯ ಬಸ್ಸಿನಲ್ಲಿ ಕಳೆದ ಹೆಂಗಸು, ನೋಡಿ, ಬಸ್ಸಿಳಿದು ಕಚೇರಿ ಬಿಟ್ಟರೆ ಬೇರೆಲ್ಲಿಗೂ ಹೋದವಳಲ್ಲ!

ಒಮ್ಮೆ ಮಾತ್ರ ಚುನಾವಣೆಯ ಕೆಲಸಕ್ಕೆ ಕೊಂಚಾವರಂ ಕಡೆಯ ಒಂದು ಶಾಲೆಗೆ ಹಾಕಿದ್ದರು. ಬಂದವರ ಬೆರಳಿಗೆ ಶಾಯಿ ಹಚ್ಚುವುದು ಆಕೆಯ ಕೆಲಸ. ಎದುರಿನ ಕಿಟಕಿಯಲ್ಲಿ ಒಂದು ಗುಡ್ಡ. ಬುಡದಲ್ಲಿ ಕೆಂಪು ಮಣ್ಣು, ನಡುವೆ ತೇಗ, ಮುತ್ತುಗ, ನೆತ್ತಿಯಲ್ಲಿ ಬೋಳು ಬಂಡೆ. ಎದ್ದು ಹೋಗುವಂತಿಲ್ಲ. ದಿನವಿಡೀ ಶಾಯಿ ಹಚ್ಚುತ್ತ ಅದನ್ನೇ ನೋಡಿದಳು. ನಿವೃತ್ತಿಯಾದ ಮೇಲೆ ಬಂದ ಮೊದಲ ಭಾನುವಾರ ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟೇಬಿಟ್ಟಳು.

ಗಂಡ ಮಡಿವಾಳಯ್ಯ ರಿಟೈರಾದ ಮಾಸ್ತರ. ಪೇಪರಿನಿಂದ ಮುಖ ಎತ್ತಿ, "ಆ ಗುಡ್ಡದ ಮ್ಯಾಲ ಏನದ?" ಎಂದರು.

"ಏನದ ಅಂತ ನೋಡ್ಲಿಕ್ಕೇ ಹೊಂಟೀನ್ರೀ."

ಸೇಡಂನಿಂದ ಚಿಂಚೋಳಿಗೆ ಒಂದು ಬಸ್ಸು, ಅಲ್ಲಿಂದ ಕೊಂಚಾವರಂ ಕಡೆಗೆ ಇನ್ನೊಂದು. ಈಗ ಹೆಂಗಸರಿಗೆ ಆಧಾರ ಕಾರ್ಡು ತೋರಿಸಿದರೆ ಟಿಕೆಟ್ಟು ಪುಕ್ಕಟೆ. ಬಸ್ಸಿನ ಕಷ್ಟ ಏನೂ ಇರಲಿಲ್ಲ, ಕಷ್ಟವಿದ್ದದ್ದು ಬಸ್ಸಿನಲ್ಲಿ ಕೂತವರದು. ಒಬ್ಬಳೇ ಹೆಂಗಸು, ನೆಂಟರಿಲ್ಲದ ಕಡೆ, ನಡುದಾರಿಯಲ್ಲಿ ಇಳಿಯುತ್ತೇನೆ ಎಂದರೆ ಜನ ಸುಮ್ಮನೆ ಬಿಡುತ್ತಾರೆಯೇ? ಎಲ್ಲಿಗೆ, ಯಾಕೆ, ಯಾರಿದ್ದಾರೆ, ಮನೆಯವರೆಲ್ಲಿ ಎಂದು ಸುತ್ತುಗಟ್ಟಿದರು. ಪಕ್ಕದಲ್ಲಿದ್ದ ಮುದುಕಿಯಂತೂ ಬೆನ್ನು ಬಿಡಲಿಲ್ಲ. ಆಕೆ ಚಿಂಚೋಳಿಯ ತುಳಜಾಬಾಯಿ. ಮೊಣಕಾಲು ನೀವಿಕೊಳ್ಳುತ್ತಲೇ ಕೇಳಿದಳು.

"ಗುಡ್ಡ ಹತ್ತತೀನಿ ಅಂತಿ. ನಿನ್ನ ಯಾವ ದೇವರು ಕರಕೊಂಡು ಹೊಂಟಾದ?"

ತಪ್ಪೇನಿಲ್ಲ ಬಿಡಿ. ದೇವರಿಲ್ಲದ ಗುಡ್ಡ ನಮ್ಮ ಕಡೆ ಯಾರು ಹತ್ತುತ್ತಾರೆ? ಆದರೆ ಲಲಿತಾಬಾಯಿಗೆ ರೇಗಿತು.

"ಯಾರೂ ಅಲ್ಲ. ಕರಕೊಂಡು ಹೊಂಟದ್ದು ನನ್ನ ಕಾಲವ್ವಾ!" ಎಂದಳು. ಕಾಲು, ಅವ್ವಾ. ಆಕೆ ಹೇಳಿದ್ದು ಇಷ್ಟೇ.

ಅದೇ ಹೊತ್ತಿಗೆ ಬಸ್ಸು ತಗ್ಗಿಗೆ ಬಿತ್ತು, ಕಿಟಕಿ ಗಾಜುಗಳೆಲ್ಲ ಗಡಗಡ ಅಂದವು. ಮುದುಕಿಯ ಕಿವಿಗೆ ಬಿದ್ದದ್ದು ಕಾಳವ್ವ. ಆಕೆ ಎರಡೂ ಕೈಯಿಂದ ಗಲ್ಲ ಗಲ್ಲ ಬಡಿದುಕೊಂಡಳು. "ಯವ್ವಾ, ಅಲ್ಲಿ ಕಾಳವ್ವ ಇದ್ದಾಳಂತ!" ಎಂದು ಹಿಂದಿನ ಸೀಟಿಗೆ ಹೇಳಿದಳು. ಹಿಂದಿನ ಸೀಟು ಅದರ ಹಿಂದಿನದಕ್ಕೆ ಹೇಳಿತು. ಲಲಿತಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಗುಲಾಮ ದಸ್ತಗೀರ ಸೀಟಿ ಊದಿ, "ಕಾಳವ್ವನ ಗುಡ್ಡ ಇಳಿಯೋರು ಬರ್ರಿ, ಜಲ್ದಿ!" ಎಂದು ಕೂಗಿದ.

ಇಳಿಯುವಾಗ ತಿದ್ದಬಹುದಿತ್ತು, ಮುಂದಿನ ವಾರ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಮುಂದಿನ ವಾರ ಬಸ್ಸಿನಲ್ಲಿ ಒಬ್ಬರೂ ಏನೂ ಕೇಳಲಿಲ್ಲ! ಗುಡ್ಡದ ಮೇಲೊಬ್ಬ ದೇವಿ ಇದ್ದಾಳೆ ಎಂದದ್ದೇ ತಡ, ಹೆಂಗಸು ಒಬ್ಬಳೇ ಹೋಗುವುದು ಸರಿಯಾಗಿಬಿಟ್ಟಿತು. ಕಿಟಕಿಯ ಪಕ್ಕ ಜಾಗ ಬಿಟ್ಟುಕೊಟ್ಟರು. ಮೇಲೆ ಹೋಗಿ ಬಂಡೆಯ ಮೇಲೆ ಕಾಲು ಚಾಚಿ ಕೂತು, ಗಾಳಿಗೆ ಸೆರಗು ಬಿಟ್ಟುಕೊಂಡು, ಯಾರಿಗೂ ಏನೂ ಬಡಿಸದೆ ತನ್ನ ರೊಟ್ಟಿ ತಾನು ತಿನ್ನುವ ಸುಖ ಲಲಿತಾಬಾಯಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಕುರ್ಚಿಯಲ್ಲಿ ಕೂತು ಕೂತು ಹಿಡಿದಿದ್ದ ಸೊಂಟದ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಭಾನುವಾರ ಆಕೆಯದಾಗಿತ್ತು, ಬರೀ ಆಕೆಯದು.

"ಕೊರಳಾಗ ಲಿಂಗ, ಗುಡ್ಡದಾಗ ಕಾಳವ್ವ. ಭಾಳ ಚಂದ ಆತು ನಿಂದು," ಎಂದು ಸುದ್ದಿ ಕೇಳಿದ ಮಡಿವಾಳಯ್ಯ ನಕ್ಕರು. ಆಕೆಗೆ ಆ ಮಾತು ಚುಚ್ಚಿತು. ಚುಚ್ಚಿದರೂ ಮುಂದಿನ ಭಾನುವಾರ ರೊಟ್ಟಿ ಕಟ್ಟಿಕೊಂಡು ಹೊರಟಳು.

ಸೀತಾಫಲ ಕಣ್ಣು ಬಿಡುವ ಕಾಲದಲ್ಲಿ ಒಂದು ಭಾನುವಾರ ಚಿಂಚೋಳಿಯಲ್ಲಿ ಬಸ್ಸು ಹತ್ತಿದರೆ, ತುಳಜಾಬಾಯಿ! ಹಸಿರು ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಮಡಿಲಲ್ಲಿ ತೆಂಗಿನಕಾಯಿ. ಪಕ್ಕದಲ್ಲಿ ಚೀಲ ಹಿಡಿದ ಸೊಸೆ ಶಿವಗಂಗಾ.

"ನೋಡ್ರಿ ಬಾಯಾರ," ಎಂದು ಸೊಸೆ ಗೋಳು ತೋಡಿಕೊಂಡಳು. "ಬಚ್ಚಲಕ ಹೋಗಬೇಕಾದ್ರ ಗ್ವಾಡಿ ಹಿಡೀತಾರ, ಗುಡ್ಡ ಹತ್ತತಾರಂತ. ಹರಕಿ ಹೊತ್ತಾರ. ಮ್ಯಾಲ ಮುಟ್ಟೋತನ ಮಾತಾಡಂಗಿಲ್ಲಂತ, ಮೌನ ಹಿಡದಾರ. ನೀವರ ಹೇಳ್ರಿ."

ಲಲಿತಾಬಾಯಿ ಮಡಿಲಿನ ಕಾಯಿ ನೋಡಿದಳು, ಮುದುಕಿಯ ಮೊಣಕಾಲು ನೋಡಿದಳು. ಹೇಳುವುದೇನು? ನಿಜ ಹೇಳಿದರೆ ಬಸ್ಸು ತುಂಬ ಛೀಮಾರಿ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದವಳು ಎಂದಮೇಲೆ ಈ ದಾರಿಯಲ್ಲಿ ಮತ್ತೆ ಮುಖ ತೋರಿಸುವಂತಿಲ್ಲ. ಭಾನುವಾರ ಹೋಯಿತು, ಗುಡ್ಡ ಹೋಯಿತು. ಹೇಳದಿದ್ದರೆ ಈ ಮುದುಕಿ ಬೋಳು ಬಂಡೆಯ ಮುಂದೆ ಕಾಯಿ ಹಿಡಿದು ನಿಲ್ಲಬೇಕು. ಬಸ್ಸಿಳಿದು ಗುಡ್ಡದ ಬುಡದಲ್ಲಿ, "ಅವ್ವಾ, ಒಂದು ಮಾತು ಹೇಳೋದದ" ಎಂದು ಶುರು ಮಾಡಿದಳು. ತುಳಜಾಬಾಯಿ ತುಟಿಯ ಮೇಲೆ ಬೆರಳಿಟ್ಟು, ನಡಿ ಎಂಬಂತೆ ಕೈ ಮಾಡಿದಳು.

ಹತ್ತಿದರು. ತುಳಜಾಬಾಯಿ ಗಿಡದಿಂದ ಗಿಡಕ್ಕೆ ಕೈ ಹಾಕುತ್ತ, ಒಂದು ಹೆಜ್ಜೆ ಇಟ್ಟು ಇನ್ನೊಂದನ್ನು ಎಳೆದುಕೊಳ್ಳುತ್ತ ಹೊರಟಳು. ಸ್ವಲ್ಪ ದೂರಕ್ಕೇ ಸೊಸೆ ಸೀತಾಫಲದ ಗಿಡದ ನೆರಳಿಗೆ ಉಸ್ಸಪ್ಪಾ ಎಂದು ಕುಸಿದಳು. ಅತ್ತೆ ತಿರುಗಿಯೂ ನೋಡಲಿಲ್ಲ. ನಡುವಿನಲ್ಲಿ ಲಲಿತಾಬಾಯಿ, "ಸಾಕವ್ವಾ, ಇಲ್ಲಿಂದನೇ ಕೈ ಮುಗೀರಿ, ನಡೀತದ" ಎಂದಳು. ಹಾಗೆ ಅಂದದ್ದು ಮುದುಕಿಯ ಕಾಲಿಗಾಗಿಯೋ, ತನ್ನ ಮಾನಕ್ಕಾಗಿಯೋ? ತನ್ನ ಮಾನಕ್ಕೇ. ಅದು ಗೊತ್ತಾಗಿ ನಾಚಿಕೆಯಾಯಿತು. ತುಳಜಾಬಾಯಿ ತಲೆ ಅಲ್ಲಾಡಿಸಿ ಮುಂದಿನ ಗಿಡಕ್ಕೆ ಕೈ ಹಾಕಿದಳು. ಕೊನೆಯ ಬಂಡೆಯ ಏರು ಬಂದಾಗ ಸೀರೆ ಮೇಲೆ ಕಟ್ಟಿ, ಕಾಯಿಯನ್ನು ಲಲಿತಾಬಾಯಿಯ ಕೈಗೆ ಕೊಟ್ಟು, ಅಂಬೆಗಾಲಿಕ್ಕಿ ಹತ್ತಿದಳು. ಮೊಣಕಾಲು ತರಚಿ ರಕ್ತ ಜಿನುಗಿತು. ತುಟಿ ಬಿಗಿದಳೇ ಹೊರತು ಹಾ ಎನ್ನಲಿಲ್ಲ.

ನೆತ್ತಿಯಲ್ಲಿ ಗಾಳಿ ಭರ್ರೆಂದು ಬೀಸುತ್ತಿತ್ತು. ತುಳಜಾಬಾಯಿ ಎದ್ದು ನಿಂತು ಸುತ್ತ ನೋಡಿದಳು. ಮೌನ ಮುರಿದು ಕೇಳಿದಳು.

"ಎಲ್ಲಿದ್ದಾಳ?"

ಯಾವುದಾದರೂ ಒಂದು ಕಲ್ಲಿಗೆ ಬೆರಳು ಮಾಡಿದ್ದರೆ ಮುಗಿಯುತ್ತಿತ್ತು. ಕಲ್ಲಿಗೇನು ಬರ ಅಲ್ಲಿ? ಮುದುಕಿ ಕುಂಕುಮ ಹಚ್ಚಿ ಕೈ ಮುಗಿದು ಇಳಿಯುತ್ತಿದ್ದಳು, ಭಾನುವಾರ ಉಳಿಯುತ್ತಿತ್ತು. ಲಲಿತಾಬಾಯಿಯ ಕೈ ಅರ್ಧ ಎದ್ದಿತ್ತು ಕೂಡ. ಆಗ ಆ ಮೊಣಕಾಲಿನ ರಕ್ತ ಕಂಡಿತು. ಕೈ ಇಳಿಯಿತು.

"ಇಲ್ಲವ್ವಾ. ಇಲ್ಲಿ ಯಾರೂ ಇಲ್ಲ. ನಾ ಅವತ್ತು ಅಂದದ್ದು ಕಾಲು, ಅವ್ವಾ ಅಂತ. ನೀವು ಕಾಳವ್ವ ಅಂತ ತಿಳಕೊಂಡ್ರಿ. ತಿಳಕೊಂಡದ್ದು ನನಗ ಚಲೋ ಆತು, ಯಾರೂ ಏನೂ ಕೇಳ್ಲಿಲ್ಲ, ಸುಮ್ಮನಾದೆ. ತಪ್ಪು ನಂದೇ," ಎಂದಳು. "ಕೆಳಗ ಹೋಗಿ ಎಲ್ಲರ ಮುಂದ ಬೈರಿ. ನಾ ಇನ್ನ ಈ ಬಸ್ಸಿಗಿ ಬರಂಗಿಲ್ಲ."

ತುಳಜಾಬಾಯಿ ಕೆಳಗೆ ಕಣ್ಣು ಹಾಯಿಸಿದಳು. ಕೆಳಗೆ ಕಾಡು, ಕಾಡಿನಾಚೆ ಕರಿ ಹೊಲ, ನೂಲಿನಂಥ ಡಾಂಬರು ರಸ್ತೆ. ಅದನ್ನೆಲ್ಲ ನೋಡುತ್ತ ನಿಂತಳು.

"ನಾ ಏನಂತ ಹರಕಿ ಹೊತ್ತಿದ್ದೆ ಗೊತ್ತದೇನು ನಿನಗ?" ಎಂದು ಮುದುಕಿ ಕೊನೆಗೆ ಕೇಳಿದಳು. "ಕಾಲುಬ್ಯಾನಿ ವಾಸಿ ಮಾಡು ಅಂತ ಬೇಡಿಲ್ಲ. ಅದು ಆಗೋದಲ್ಲ, ನನಗ ಗೊತ್ತದ. ತಾಯಿ, ಒಮ್ಮಿ ನನ್ನ ಕಾಲಲೇ ನಾ ನಿನ್ನ ತನಕ ಬರಂಗ ಮಾಡು, ಅಷ್ಟೇ ಸಾಕು ಅಂದಿದ್ದೆ." ತನ್ನ ಧೂಳು ಹಿಡಿದ ಪಾದಗಳನ್ನು ನೋಡಿಕೊಂಡಳು. ಬೊಚ್ಚು ಬಾಯಿ ಅಗಲವಾಯಿತು. "ಬಂದೀನಲ್ಲ! ಯಾರಾದರೂ ಹೊತ್ತುಕೊಂಡು ಬಂದಾರೇನು? ಗುಡಿ ಇಲ್ಲ ಅಂದ್ರ ನಾ ಬಂದದ್ದು ಸುಳ್ಳಾತೇನು?"

ಲಲಿತಾಬಾಯಿಗೆ ಅಳು ಬಂತೋ ನಗು ಬಂತೋ, ಎರಡೂ ಒಟ್ಟಿಗೇ ಬಂದವು.

ತುಳಜಾಬಾಯಿ ಕಾಯಿ ಇಸಿದುಕೊಂಡು ಬಂಡೆಗೆ ಕುಕ್ಕಿದಳು. ಒಂದೇ ಏಟಿಗೆ ಫಟ್ಟೆಂದು ಎರಡು ಹೋಳಾಯಿತು. ಉಳಿದ ನೀರನ್ನು ತನ್ನ ಮೊಣಕಾಲ ಮೇಲೆ ಸುರಿದುಕೊಂಡಳು. ಗಾಯಕ್ಕೆ ಉರಿ ಹತ್ತಿ ಸ್ಸ್ ಎಂದಳು, ನಕ್ಕಳು. ಒಂದು ಹೋಳು ಲಲಿತಾಬಾಯಿಯ ಕೈಗಿಟ್ಟಳು.

"ತಿನ್ನು. ಬಸ್ಸಿಗಿ ಬರಂಗಿಲ್ಲ ಅಂತಾಳ! ನೀ ಬರದಿದ್ರ ನನ್ನ ಯಾರು ಕರಕೊಂಡು ಬರಬೇಕು?"

ಆಮೇಲೆ ಬಂಡೆಯ ಅಂಚಿಗೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು, ಸೀತಾಫಲದ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದ ಸೊಸೆಗೆ ಇಡೀ ಕಾಡು ಕೇಳುವಂತೆ ಕೂಗಿದಳು.

"ಏ ಶಿವಗಂಗಾ! ಅಲ್ಲೇನು ಕುಂತಿ? ಮ್ಯಾಲ ಬಾ! ಗ್ವಾಡಿ ಇಲ್ಲ ಇಲ್ಲಿ, ಗಿಡಾ ಹಿಡಕೊಂಡು ಬಾ!"