ಮೇಲಿನಿಂದ ಒಂದೇ ಮರ

ಗೋಪಾಳದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಡಂ ಮರಗಳ ವಿಜ್ಞಾನಿ. ವಿಮಾನದಿಂದ ಬಿಟ್ಟ ಲೇಸರ್ ಬೆಳಕು ಮರಗಳಿಗೆ ತಾಗಿ ಮರಳಿದ ಗುರುತುಗಳನ್ನು ಕಂಪ್ಯೂಟರಿನಲ್ಲಿ ಚುಕ್ಕಿಗಳಾಗಿ ನೋಡಿ, ಇದು ತೇಗ, ಇದು ಮಾವು ಎಂದು ಬೇರ್ಪಡಿಸುತ್ತಿದ್ದರು. ಅದು ಹೇಗೆಂದು ಕೇಳಿದರೆ ತಾರಸಿಯಿಂದ ನಮ್ಮ ಮರಗಳ ಮೇಲೆ ಒಂದು ಹಿಡಿ ರಾಗಿ ಎರಚುತ್ತಿದ್ದರು. ನೆಲ್ಲಿಯ ಮೇಲೆ ಬಿದ್ದದ್ದು ಸೀದಾ ನೆಲಕ್ಕೆ. ಮಾವಿನ ಮೇಲೆ ಬಿದ್ದದ್ದು ಎಲೆಗಳ ನಡುವೆಯೇ ಉಳಿಯುತ್ತಿತ್ತು. “ಲೇಸರೂ ಇಷ್ಟೇ ಕಣ್ರೀ. ಆದ್ರೂ ಮುಟ್ಟಿ ನೋಡದೆ ನಂಬಬಾರದು,” ಎನ್ನುತ್ತಿದ್ದರು. ಆಮೇಲೆ ಅಂಗಳಕ್ಕೆ ಬಿದ್ದ ರಾಗಿ ಗುಡಿಸುವ ಕೆಲಸ ನನ್ನದು.

ಭಾನುವಾರ ಬಸ್ಸು ಹತ್ತಿ, ತಾವು ಗುರುತಿಸಿದ ಮರಗಳನ್ನು ಮುಟ್ಟಿ ಬರುತ್ತಿದ್ದರು. ಒಮ್ಮೆ ನನ್ನ ಜೊತೆ ಭದ್ರಾವತಿಯ ನನ್ನ ತವರಿಗೇ ಬಂದರು. ಹಿತ್ತಲಲ್ಲಿ ಭಾರೀ ಹಲಸಿನ ಮರವೊಂದಿದೆ ಎಂಬುದು ಅವರ ಲೆಕ್ಕ. ನೋಡಿದರೆ ಕಾಂಪೌಂಡಿನ ಈಚೆ ಅಮ್ಮನ ಹಲಸು, ಆಚೆ ಪಕ್ಕದ ಮನೆಯವರ ಮಾವು; ಮೇಲೆ ಎರಡೂ ಹೆಣೆದುಕೊಂಡಿದ್ದವು. ತರಗೆಲೆ ಗುಡಿಸುವವರು ಯಾರೆಂಬ ಜಗಳದಲ್ಲಿ ಎರಡೂ ಮನೆಯವರು ಮಾತು ಬಿಟ್ಟಿದ್ದರು. ಈಚೆ ಚಾಚಿದ ಮಾವಿನ ಕೊಂಬೆಗಳನ್ನು ಕಡಿಸಿಯೇ ತೀರುತ್ತೇನೆಂದು ಅಮ್ಮ ಹಟ ಹಿಡಿದಿದ್ದಳು.

ಮೇಡಂ ಪೆಚ್ಚಾದರು. “ಮೇಲಿಂದ, ವಿಮಾನದಿಂದ ನೋಡಿ ಒಂದೇ ಮರ ಅಂದ್ಕೊಂಡಿದ್ದೆ ಅಮ್ಮ.”

ಅಮ್ಮ ತಲೆಯೆತ್ತಿ ಕೊಂಬೆಗಳನ್ನೇ ನೋಡಿದಳು. ಆಮೇಲೆ ಗೋಡೆಯಾಚೆ ಬಟ್ಟೆ ಒಣಗಿಸುತ್ತಿದ್ದವಳನ್ನು ಕೂಗಿದಳು: “ಕೇಳಿದ್ಯೇನೇ ಮಾರಾಯ್ತಿ, ವಿಮಾನದಿಂದ ನೋಡಿದ್ರೆ ನಮ್ದು ಒಂದೇ ಮರ ಅಂತೆ!”

ಆಕೆ ಗೋಡೆಯ ಹತ್ತಿರ ಬಂದು ನಕ್ಕಳು. ಮೇಡಂ ಮಾತ್ರ ಗೋಡೆಯಾಚೆ ಕೈ ಚಾಚಿ ಎರಡೂ ಕಾಂಡ ಮುಟ್ಟುತ್ತ, “ಇಲ್ಲ ಅಮ್ಮ, ಎರಡಿದೆ, ನಂದೇ ತಪ್ಪು,” ಎಂದು ಹೇಳುತ್ತಲೇ ಇದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ.